ಎಚ್. ಪೈಲೋರಿ ಕೋರ್ಸ್ ಮುಗಿದರೂ ಹೊಟ್ಟೆ ಉರಿ

ಪಿತ್ತಕೋಶ ತೆಗೆಸಿದ್ದೀರಿ, ಎಂಡೋಸ್ಕೋಪಿಯಲ್ಲಿ ಜಠರದೊಳಗೆ ಪಿತ್ತರಸ ಕಂಡಿದೆ, ಎಚ್. ಪೈಲೋರಿ ಅನ್ನೋ ಜಠರದ ಬ್ಯಾಕ್ಟೀರಿಯಾಗೆ 14 ದಿನದ ಆಂಟಿಬಯಾಟಿಕ್ ಕೋರ್ಸ್ ಆದಮೇಲೂ ಹೊಟ್ಟೆ ಉರಿ, ಬೆಳಿಗ್ಗೆ ಹಳದಿ ಕಹಿ ವಾಂತಿ ಯಾಕೆ ಅಂತ ಕೇಳಿದ್ದೀರಿ. ಹಾಗಾದ್ರೆ ಪಿತ್ತ ಮೇಲಕ್ಕೆ ಬಂದು ಜಠರದ ಒಳಪದರ ಸುಡ್ತಿರುವ ಸಾಧ್ಯತೆ ಜಾಸ್ತಿ. ಆದರೆ ಬ್ಯಾಕ್ಟೀರಿಯಾ ಪೂರ್ತಿ ಹೋಗಿಲ್ಲದೆಯೂ ಇರಬಹುದು. ಬರೀ ಉರಿ ನೋಡಿ ಯಾವುದು ಅಂತ ಹೇಳೋಕಾಗಲ್ಲ.

ಮೊದಲು ಬ್ಯಾಕ್ಟೀರಿಯಾ ಹೋಗಿದೆಯಾ ನೋಡಿಸಿ. ಯೂರಿಯಾ ಬ್ರೆತ್ ಟೆಸ್ಟ್ ಅಥವಾ ಮಲದ ಆಂಟಿಜನ್ ಟೆಸ್ಟ್ ಆಗಬೇಕು. ಆಂಟಿಬಯಾಟಿಕ್ ಮುಗಿದು ಕನಿಷ್ಠ 4 ವಾರ ಆಗಿರಬೇಕು. ಡಾಕ್ಟರನ್ನು ಕೇಳಿ ಪ್ಯಾಂಟೊಪ್ರಜೋಲ್ (ಆಸಿಡ್ ಕಡಿಮೆ ಮಾಡುವ ಮಾತ್ರೆ) 2 ವಾರ ನಿಲ್ಲಿಸಿರಬೇಕು. ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ನನ್ನ ಅಮ್ಮನಿಗೆ ಟೆಸ್ಟ್ ಮಾಡಿಸಿದಾಗ ಲ್ಯಾಬ್‌ನಲ್ಲಿ ಇದನ್ನು ಯಾರೂ ಕೇಳಲೇ ಇಲ್ಲ. ಅವತ್ತು ಬೆಳಿಗ್ಗೆಯೂ ಅಮ್ಮ ಆ ಮಾತ್ರೆ ನುಂಗಿದ್ದರು. ನೆಗೆಟಿವ್ ಬಂತು. ಮಾತ್ರೆ ಬಿಟ್ಟು ಮತ್ತೆ ಮಾಡಿಸಿದರೆ ಪಾಸಿಟಿವ್! ರಕ್ತದ ಟೆಸ್ಟ್ ಬೇಡ, ವಾಸಿಯಾದ ಮೇಲೂ ಅದು ತಿಂಗಳುಗಟ್ಟಲೆ ಪಾಸಿಟಿವ್ ತೋರಿಸಬಹುದು.

ನೆಗೆಟಿವ್ ಬಂದರೆ ಪಿತ್ತದ ಬಗ್ಗೆ ನೀವಾಗಿಯೇ ಕೇಳಿ. ಪ್ಯಾಂಟೊಪ್ರಜೋಲ್ ಆಸಿಡ್ ಕಡಿಮೆ ಮಾಡುತ್ತೆ, ಪಿತ್ತವನ್ನು ತಡೆಯುವುದಿಲ್ಲ. ಪಿತ್ತಕ್ಕೆ ಸುಕ್ರಾಲ್ಫೇಟ್, ಅರ್ಸೋಡಿಯಾಕ್ಸಿಕೋಲಿಕ್ ಆಸಿಡ್ ಅನ್ನೋ ಔಷಧಿ ಕೊಡುವುದುಂಟು, ಎಲ್ಲರಿಗೂ ಒಂದೇ ತರ ಕೆಲಸ ಮಾಡಲ್ಲ.

ರಾತ್ರಿ ಹತ್ತೂವರೆಯ ಲೋಕಲ್ ಟ್ರೈನಲ್ಲಿ ಬಂದು, ಉಂಡು, ತಕ್ಷಣ ಮಲಗ್ತೀರಿ ಅಲ್ವಾ? ಡಬ್ಬಿಯನ್ನು ಏಳೂವರೆಗೆ ಆಫೀಸಲ್ಲೇ ಮುಗಿಸಿ. ಬೆನ್ನುನೋವಿಗೆ ಡೈಕ್ಲೋಫೆನಾಕ್ ಸುಮ್ನೆ ನುಂಗಬೇಡಿ, ಅದೂ ಒಳಪದರವನ್ನೇ ಕೆಡಿಸುತ್ತೆ.

ಮಲ ಡಾಂಬರಿನ ಹಾಗೆ ಕಪ್ಪಾದರೆ ಅಥವಾ ವಾಂತಿಯಲ್ಲಿ ರಕ್ತ ಕಂಡರೆ ಟೆಸ್ಟಿಗೆ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಹೋಗಿ.