ಪ್ರತಿಕ್ರಿಯೆ: ಸಿವಿಲ್ ಓದಿದವರು ನಗರ ಸಂಚಾರದ ಕೆಲಸ ಕಲಿಯುವುದು ಎಲ್ಲಿಂದ?

ಸಿವಿಲ್ ಎಂಜಿನಿಯರಿಂಗ್ ಮುಗಿದಿದೆ, ಹಾಸನದಲ್ಲೇ ಇದ್ದು ನಗರ ಸಂಚಾರದ ಕೆಲಸ ಕಲಿಯಲು ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದೀರಿ. ಸಾಫ್ಟ್‌ವೇರ್ ಕೋರ್ಸು ಆಮೇಲಿರಲಿ. ಟೇಪು ಹಿಡಿದು ಬಿ.ಎಂ. ರಸ್ತೆಗೆ ಇಳಿಯಿರಿ, ಅರ್ಧ ಕಿಲೋಮೀಟರ್ ಸಾಕು.

20 ಮೀಟರಿಗೊಮ್ಮೆ ಫುಟ್‌ಪಾತಿನ ಅಗಲ ಅಳೆಯಿರಿ. ಅಂಚಿನಿಂದ ಕಾಂಪೌಂಡಿನವರೆಗೆ ಅಳೆದರೆ ಲೆಕ್ಕ ತಪ್ಪುತ್ತದೆ. ಕಂಬ, ಟ್ರಾನ್ಸ್‌ಫಾರ್ಮರ್, ಅಂಗಡಿ ಮೆಟ್ಟಿಲು ಕಳೆದು ನಡೆಯಲು ಉಳಿದದ್ದೆಷ್ಟೋ ಅದನ್ನೇ ಬರೆದುಕೊಳ್ಳಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಪಾದಚಾರಿ ಮಾರ್ಗಸೂಚಿ ಐಆರ್‌ಸಿ 103 ಕನಿಷ್ಠ 1.8 ಮೀಟರ್ ಕೇಳುತ್ತದೆ. ಕರ್ಬ್, ಅಂದರೆ ಫುಟ್‌ಪಾತಿನ ಅಂಚುಗಲ್ಲಿನ ಎತ್ತರ, 150 ಮಿ.ಮೀ. ಮೀರಬಾರದು. ರ‍್ಯಾಂಪಿನ ಇಳಿಜಾರು 1:12, ಅಂದರೆ 150 ಮಿ.ಮೀ. ಏರಲು 1.8 ಮೀಟರ್ ಉದ್ದ ಬೇಕು. ಅದನ್ನೇ ಅರ್ಧ ಮೀಟರಿನಲ್ಲಿ ಮುಗಿಸಿದರೆ ಗಾಲಿಕುರ್ಚಿ ಹತ್ತುವುದಿಲ್ಲ, ಬೈಕು ಮಾತ್ರ ಸಲೀಸಾಗಿ ಹತ್ತುತ್ತದೆ!

ಜನರ ಎಣಿಕೆ ಬೆಳಿಗ್ಗೆ, ಸಂಜೆ ಎರಡೆರಡು ಗಂಟೆ, 15 ನಿಮಿಷಕ್ಕೊಂದು ಸಾಲು. ಗಂಟೆಗೊಂದೇ ಅಂಕಿ ಬರೆದರೆ ಶಾಲೆ ಬಿಟ್ಟ ಹೊತ್ತಿನ ನೂಕು ಅದರಲ್ಲಿ ಕರಗಿಹೋಗುತ್ತದೆ. ರಸ್ತೆ ದಾಟುವವರಿಗೆ ಬೇರೆ ಕಾಲಂ ಇರಲಿ. ಹಾಸನಾಂಬ ದರ್ಶನದ ದಿನಗಳಲ್ಲಂತೂ ಎಣಿಸಬೇಡಿ, ಅದು ಊರಿನ ಮಾಮೂಲಿ ಚಿತ್ರವಲ್ಲ.

ಇಷ್ಟನ್ನು ಕ್ಯೂಜಿಐಎಸ್ ಎಂಬ ನಕ್ಷೆ ಸಾಫ್ಟ್‌ವೇರಿನಲ್ಲಿ ನಕ್ಷೆಗೆ ಏರಿಸಿ, ಅದು ಉಚಿತವಾಗಿ ಸಿಗುತ್ತದೆ. ಮುಂದೆ ಓದುವ ಮನಸ್ಸಿದ್ದರೆ ದೆಹಲಿಯ ಸ್ಕೂಲ್ ಆಫ್ ಪ್ಲ್ಯಾನಿಂಗ್ ಆ್ಯಂಡ್ ಆರ್ಕಿಟೆಕ್ಚರ್‌ನಲ್ಲಿ (ಎಸ್‌ಪಿಎ) ಸಾರಿಗೆ ಯೋಜನೆಯ ಸ್ನಾತಕೋತ್ತರ ಕೋರ್ಸ್ ಇದೆ. ಸಂದರ್ಶನಕ್ಕೆ ಹೋಗುವಾಗ ಈ ನಕ್ಷೆಯೂ ಜೊತೆಗಿರಲಿ.