ಲೈನ್ ಕಡಿದಾಗ ಮೆಸೇಜಿನ ಕ್ರಮ ಯಾಕೆ ಬದಲಾಗುತ್ತದೆ?

ಪ್ರಶ್ನೆ: ನಮ್ಮ ತೊಗರಿ ರೈತರ ಗುಂಪಿಗೆ ಕಲಬುರಗಿ, ಬೀದರ್, ಯಾದಗಿರಿಯೊಳಗ ಒಂದೊಂದು ಮ್ಯಾಟ್ರಿಕ್ಸ್ (ಹಲವು ಸರ್ವರ್ ಕೂಡಿ ನಡೆಸೋ ಚಾಟ್) ಸರ್ವರ್ ಅದಾವ್ರಿ, ಮೂರರಾಗೂ ಸಿನಾಪ್ಸ್ ಅನ್ನೋ ಸರ್ವರ್ ತಂತ್ರಾಂಶ. ಮೊನ್ನೆ ಬೀದರ್ ಇಂಟರ್ನೆಟ್ ಲೈನ್ ಎರಡು ತಾಸು ಬಂದ್ ಇತ್ತು. ಅಲ್ಲಿಯವರು ‘ಲಾರಿ ಕಳಿಸ್ರಿ’ ಅಂತ ಹಾಕಿದ್ದು ಕಲಬುರಗ್ಯಾಗ ಎಲ್ಲಕ್ಕಿಂತ ಕೆಳಗ ಬಂತು. ಆ್ಯಪ್ ತೆಗೆದು ಮತ್ತ ಹಾಕಿದರ ನಡುವ ಹೋಗಿ ಕುಂತದ. ಟೈಮ್ ನೋಡಿ ಜೋಡಿಸೋದಿಲ್ಲೇನ್ರಿ?
— ಓದುಗರೊಬ್ಬರು, ಕಲಬುರಗಿ

ಉತ್ತರ: ಇಲ್ಲ. ಪ್ರತಿ ಮೆಸೇಜಿನಲ್ಲೂ ಸಮಯ ಇರುತ್ತದೆ, ಆದರೆ ಅದು ಕಳಿಸಿದ ಸರ್ವರ್ ತಾನೇ ಬರೆದುಕೊಂಡದ್ದು. ಗಡಿಯಾರ ಹಿಂದೆ ಮುಂದೆ ಇರಬಹುದು, ಬೇಕೆಂದೇ ಸುಳ್ಳು ಬರೆದಿರಲೂಬಹುದು. ಹಾಗಾಗಿ ಪ್ರತಿ ಈವೆಂಟ್ (ಮೆಸೇಜು, ಸದಸ್ಯರ ಬದಲಾವಣೆಯಂಥ ಒಂದೊಂದು ದಾಖಲೆ) ತನ್ನ ಸರ್ವರಿಗೆ ಆ ಹೊತ್ತಿನಲ್ಲಿ ಗೊತ್ತಿದ್ದ ಕೊನೆಯ ಈವೆಂಟುಗಳನ್ನು ‘ಪ್ರೀವ್ ಈವೆಂಟ್ಸ್’ ಎಂಬಲ್ಲಿ ಹೆಸರಿಸುತ್ತದೆ. ಅವು ಅದರ ಹೆತ್ತವರು, ಅದು ಅವುಗಳ ಮಗು. ಈ ಕೊಂಡಿಗಳೇ ಗ್ರಾಫ್. ಅದರ ಬೇರು ರೂಮ್ (ಚಾಟ್ ಗುಂಪು) ಹುಟ್ಟಿದ ಈವೆಂಟ್.

ನಿಮ್ಮಲ್ಲಿ ಲೈನ್ ಹೋದಾಗ ಕೊನೆಯ ಈವೆಂಟಿನ ಡೆಪ್ತ್ (ಹೆತ್ತವರ ಡೆಪ್ತ್‌ಗಳಲ್ಲಿ ದೊಡ್ಡದಕ್ಕೆ ಒಂದು ಕೂಡಿಸಿದ ಸಂಖ್ಯೆ) 40 ಇತ್ತು ಎನ್ನಿ. ಬೀದರ್ 41ರಿಂದ 43ರವರೆಗೆ ಬರೆಯಿತು, ಕಲಬುರಗಿ 41ರಿಂದ 45ರವರೆಗೆ. ಒಂದೇ ಬುಡಕ್ಕೆ ಎರಡು ಟೊಂಗೆ. ಮೇಲೆ ಯಾವ ಮಗುವೂ ಇಲ್ಲದ 43 ಮತ್ತು 45ನ್ನು ‘ಫಾರ್ವರ್ಡ್ ಎಕ್ಸ್‌ಟ್ರಿಮಿಟಿ’ ಎನ್ನುತ್ತಾರೆ. ಲೈನ್ ಬಂದ ಮೇಲೆ ಯಾರಾದರೂ ಬರೆದ ಮೊದಲ ಮೆಸೇಜು ಎರಡನ್ನೂ ಹೆಸರಿಸುತ್ತದೆ, ಅದರ ಡೆಪ್ತ್ 46. ಟೊಂಗೆಗಳು ಕೂಡಿಕೊಂಡವು.

ಈಗ ನಿಮ್ಮ ಗೊಂದಲ. ಲೈವ್ ಸಿಂಕ್‌ನಲ್ಲಿ (ಹೊಸ ಮೆಸೇಜು ಆಗಿಂದಾಗ ಆ್ಯಪ್‌ಗೆ ಬರುವಾಗ) ಸಿನಾಪ್ಸ್ ಮೆಸೇಜುಗಳನ್ನು ಕೈಗೆ ಬಂದ ಸರದಿಯಲ್ಲೇ ಕೊಡುತ್ತದೆ, ಅದಕ್ಕೇ ‘ಲಾರಿ ಕಳಿಸ್ರಿ’ ಕೆಳಗೆ ಬಂತು. ಹಳೆಯ ಮೆಸೇಜು ತೋರಿಸುವಾಗ ಡೆಪ್ತ್ ನೋಡಿ ಜೋಡಿಸುತ್ತದೆ, ಅದಕ್ಕೇ ನಡುವೆ ಕೂತಿತು. ಎರಡೂ ಸರಿ.

ಲೈನ್ ಬಂದಾಗ ಬೀದರ್ ಸರ್ವರ್ ರೂಮಿನ ಕೊನೆಯ ಈವೆಂಟನ್ನಷ್ಟೇ ಮೊದಲು ಕಳಿಸುತ್ತದೆ. ಅದರ ಹೆತ್ತವರು ತನ್ನಲ್ಲಿಲ್ಲ ಎಂದು ಕಂಡ ಕಲಬುರಗಿ ಸರ್ವರ್ ನಡುವಿನವನ್ನು ಕೇಳಿ ಪಡೆಯುತ್ತದೆ, ಒಂದು ಸಲಕ್ಕೆ ಸಾಮಾನ್ಯವಾಗಿ 10. ಅಂತರ ಅದಕ್ಕಿಂತ ದೊಡ್ಡದಿದ್ದರೆ ಉಳಿದದ್ದು ಮೇಲಕ್ಕೆ ಸ್ಕ್ರೋಲ್ ಮಾಡಿದಾಗ ಬ್ಯಾಕ್‌ಫಿಲ್ ಆಗಿ ಬರುತ್ತದೆ. ಮೆಸೇಜು ಕಾಣೆಯಾಗಿದೆ ಎಂದು ಗಾಬರಿಯಾಗುವ ಮೊದಲು ಸ್ಕ್ರೋಲ್ ಮಾಡಿ ನೋಡಿ.

ನಿಜವಾಗಿ ಕೆಡುವುದು ಬೇರೆ ಕಡೆ. ಲೈನ್ ಪದೇ ಪದೇ ಕಡಿದರೆ ಟೊಂಗೆಗಳು ಕೂಡದೆ ಎಕ್ಸ್‌ಟ್ರಿಮಿಟಿಗಳು ಗುಡ್ಡೆ ಬೀಳುತ್ತವೆ. ಒಂದು ಈವೆಂಟ್ ಹೆಚ್ಚೆಂದರೆ 20 ಹೆತ್ತವರನ್ನು ಹೆಸರಿಸಬಹುದು, ಸಿನಾಪ್ಸ್ 10ಕ್ಕೇ ನಿಲ್ಲಿಸುತ್ತದೆ. ಟೊಂಗೆ ಹೆಚ್ಚಿದಷ್ಟೂ ಯಾರು ಸದಸ್ಯರು, ಯಾರು ಅಡ್ಮಿನ್ ಎಂದು ಲೆಕ್ಕ ಹಾಕುವ ಕೆಲಸ ಭಾರವಾಗಿ ಸಿಪಿಯು ಏರುತ್ತದೆ. ಸಿನಾಪ್ಸಿನ ಡೇಟಾಬೇಸ್ ಆದ ಪೋಸ್ಟ್‌ಗ್ರೆಸ್‌ನಲ್ಲಿ ‘ಈವೆಂಟ್ ಫಾರ್ವರ್ಡ್ ಎಕ್ಸ್‌ಟ್ರಿಮಿಟೀಸ್’ ಟೇಬಲಿನ ಸಾಲುಗಳನ್ನು ರೂಮಿನ ಪ್ರಕಾರ ಎಣಿಸಿ. ಒಂದೆರಡು ಇದ್ದರೆ ಆರೋಗ್ಯ. 10 ದಾಟಿದರೆ ಸಿನಾಪ್ಸ್ ತಾನೇ ಕಣ್ಣಿಗೆ ಕಾಣದ ಡಮ್ಮಿ ಈವೆಂಟ್ ಕಳಿಸಿ ಟೊಂಗೆಗಳನ್ನು ಕಟ್ಟುತ್ತದೆ. ಅದಕ್ಕೆ ರೂಮಿನಲ್ಲಿ ಬರೆಯುವ ಹಕ್ಕಿರುವ ನಿಮ್ಮ ಸರ್ವರಿನ ಸದಸ್ಯರೊಬ್ಬರು ಇರಲೇಬೇಕು. ಆ ಟೇಬಲಿನ ಸಾಲುಗಳನ್ನು ಕೈಯಾರೆ ಅಳಿಸಬೇಡಿ. ತಪ್ಪಾದ ತುದಿ ಅಳಿದರೆ ಒಂದು ಟೊಂಗೆಯ ಸದಸ್ಯತ್ವ ಬದಲಾವಣೆಗಳೇ ನಿಮ್ಮ ಸರ್ವರಿನ ಲೆಕ್ಕದಿಂದ ಹೊರಬೀಳಬಹುದು.

ಇನ್ನೊಂದು ಮಾತು. ಲೈನ್ ಇಲ್ಲದ ಹೊತ್ತಿನಲ್ಲಿ ಕಲಬುರಗಿಯವರು ಒಬ್ಬರನ್ನು ಗುಂಪಿನಿಂದ ತೆಗೆದರೆ, ಅದು ಗೊತ್ತಿಲ್ಲದ ಬೀದರ್‌ನಲ್ಲಿ ಅವರು ಬರೆದ ಮೆಸೇಜು ಕಲಬುರಗಿಗೆ ಬರುತ್ತದೆ, ಆದರೆ ತೆರೆಯ ಮೇಲೆ ಕಾಣುವುದಿಲ್ಲ. ಇದು ‘ಸಾಫ್ಟ್ ಫೇಲ್’, ಸರ್ವರ್ ಕೆಟ್ಟಿಲ್ಲ.

ಮೆಸೇಜು ಅಳಿಸಿದರೆ ಸರಪಳಿ ತುಂಡಾಗುವ ಭಯವೂ ಬೇಡ. ರೂಮ್ ವರ್ಷನ್ (ರೂಮಿನ ನಿಯಮಗಳ ಆವೃತ್ತಿ) 3ರಿಂದ ಈವೆಂಟಿನ ಗುರುತೇ ಅದರ ಹ್ಯಾಶ್ (ಅದರಿಂದಲೇ ಲೆಕ್ಕ ಹಾಕಿದ ಬೆರಳಚ್ಚಿನಂಥದ್ದು), ಮತ್ತು ಆ ಹ್ಯಾಶನ್ನು ಮೆಸೇಜಿನ ಪಠ್ಯ ತೆಗೆದ ರೂಪದ ಮೇಲೆ ಹಾಕುತ್ತಾರೆ. ಪಠ್ಯ ಹೋದರೂ ಕೊಂಡಿ ಉಳಿಯುತ್ತದೆ.

ಮೂರೂ ಸರ್ವರುಗಳಲ್ಲಿ ಕ್ರೋನಿ ಎಂಬ ಸಮಯ ಹೊಂದಿಸುವ ತಂತ್ರಾಂಶ ಹಾಕಿ ಗಡಿಯಾರ ಸರಿಯಿಡಿ, ಪರದೆಯ ಮೇಲಿನ ಸಮಯವಾದರೂ ನಂಬುವಂತಿರುತ್ತದೆ. ಲಾರಿಯಂಥ ವಿಷಯಕ್ಕೆ ಬರಿದೇ ‘ಬೇಡ’ ಎಂದು ಹಾಕದೆ ಆ ಮೆಸೇಜಿಗೇ ರಿಪ್ಲೈ ಮಾಡಿ. ಯಾವುದಕ್ಕೆ ‘ಬೇಡ’ ಎಂಬುದು ಅದು ಎಲ್ಲಿ ಹೋಗಿ ಕೂತರೂ ಗೊತ್ತಾಗುತ್ತದೆ.