ಗೇಮ್‌ನ ನನ್ನ ಪಾತ್ರಕ್ಕೆ ಹನ್ನೆರಡು ಪುಟ ಹಿನ್ನೆಲೆ ಬರೆದರೂ ಯಾರೂ ನನ್ನ ಜೊತೆ ರೋಲ್‌ಪ್ಲೇ (ಪಾತ್ರವಾಗಿಯೇ ಮಾತಾಡಿ ಆಡುವುದು) ಮಾಡುತ್ತಿಲ್ಲ. ಕಥೆ ಇನ್ನೂ ಆಳವಾಗಿರುವ ಆನ್‌ಲೈನ್ ಸೈ-ಫೈ ಗೇಮ್ ಯಾವುದು?

ನಿಮ್ಮ ಪ್ರಶ್ನೆ, ಜೊತೆಗೆ ಕಳಿಸಿದ ಹಿನ್ನೆಲೆ ಓದಿ ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ. ನಾಶವಾದ ಕಾಲೊನಿ, ದೂರವಾದ ತಂಗಿ, ಒಂಬತ್ತನೇ ಪುಟದಲ್ಲಿ ಅವಳನ್ನು ಕ್ಷಮಿಸಿಬಿಡುವ ಪೈಲಟ್. ನನ್ನ ಪಾತ್ರಕ್ಕೆ ನಾನು ಬರೆದದ್ದು ಇಪ್ಪತ್ತಮೂರು ಪುಟ.

ಆಗ ಈವ್ ಆನ್‌ಲೈನ್ ಆಡುತ್ತಿದ್ದೆ. 2003ರಲ್ಲಿ ಶುರುವಾದ ಬಾಹ್ಯಾಕಾಶ ಗೇಮ್ ಅದು. ಏಳು ಸಾವಿರಕ್ಕೂ ಜಾಸ್ತಿ ನಕ್ಷತ್ರ ವ್ಯವಸ್ಥೆಗಳು, ಸಾವಿರಾರು ಜನ ಒಂದೇ ಸರ್ವರ್‌ನಲ್ಲಿ. ನನ್ನ ಪಾತ್ರ ಒಬ್ಬ ಮಿನ್ಮಟಾರ್ ಕ್ಯಾಪ್ಟನ್. ಆ ಲೋಕದ ಇತಿಹಾಸದಲ್ಲಿ ಅಮಾರ್ ಸಾಮ್ರಾಜ್ಯ ಮಿನ್ಮಟಾರ್ ಜನರನ್ನು ನೂರಾರು ವರ್ಷ ಗುಲಾಮರನ್ನಾಗಿ ಇಟ್ಟುಕೊಂಡಿತ್ತು. ಅವರು ದಂಗೆ ಎದ್ದು ಬಿಡಿಸಿಕೊಂಡರು, ಆದರೆ ಎಲ್ಲರಿಗೂ ಬಿಡುಗಡೆ ಸಿಗಲಿಲ್ಲ. ಇಷ್ಟು ಸಾಕು, ಎಂಥ ಕಥೆ ಬೇಕಾದರೂ ಕಟ್ಟಬಹುದು. ನಾವು ಹನ್ನೊಂದು ಜನ ಸೇರಿ ಸಣ್ಣದೊಂದು ಕಾರ್ಪೊರೇಷನ್ ಮಾಡಿಕೊಂಡೆವು, ಈವ್‌ನಲ್ಲಿ ಆಟಗಾರರ ಗುಂಪಿಗೆ ಹಾಗನ್ನುತ್ತಾರೆ. ಈವ್‌ನಲ್ಲಿ ನಿಮ್ಮ ಪಾತ್ರ ಹಡಗಿನಿಂದ ಇಳಿದು ಇನ್ನೊಬ್ಬರ ಎದುರು ನಿಲ್ಲೋ ಹಾಗಿಲ್ಲ. ಹಾಗಾಗಿ ನಮ್ಮ ರೋಲ್‌ಪ್ಲೇ ಪೂರ್ತಿ ಚಾಟ್ ಚಾನೆಲ್‌ನಲ್ಲಿ, ಬರೀ ಅಕ್ಷರಗಳಲ್ಲಿ. ನಿಲ್ದಾಣದ ಕೆಳ ಅಂತಸ್ತು ಅಂತ ಒಂದು ಜಾಗ ಕಲ್ಪಿಸಿಕೊಂಡು ಅಲ್ಲೇ ಕೂರುತ್ತಿದ್ದೆವು.

ನಾನು ನಾಲ್ಕು ತಿಂಗಳ ಕಥೆ ಹೆಣೆದಿದ್ದೆ. ನಮ್ಮ ಕೈಗೆ ಒಬ್ಬ ಅಮಾರ್ ಕುಲೀನ ಸಿಕ್ಕಿಬೀಳುತ್ತಾನೆ. ಆ ಪಾತ್ರ ಮಾಡುತ್ತಿದ್ದದ್ದು ನನ್ನ ಗೆಳೆಯನೇ. ನಾಲ್ಕನೇ ತಿಂಗಳಲ್ಲಿ ಅವನು ತಪ್ಪಿಸಿಕೊಳ್ಳಬೇಕು, ಆಗ ನನ್ನ ಕ್ಯಾಪ್ಟನ್‌ನ ಅಣ್ಣನೇ ದ್ರೋಹಿ ಅಂತ ಗೊತ್ತಾಗಬೇಕು. ಯಾವ ವಾರ ಏನು, ಯಾರು ಎಲ್ಲಿ, ಎಲ್ಲಾ ಬರೆದಿಟ್ಟಿದ್ದೆ.

ಆರನೇ ವಾರ ಒಂದು ರಾತ್ರಿ ನಾನು ಇರಲಿಲ್ಲ. ಗುಂಪಿಗೆ ಹೊಸದಾಗಿ ಸೇರಿದ್ದವರೊಬ್ಬರು ಸರಕು ಹಡಗಿನ ಪೈಲಟ್ ಪಾತ್ರ ಮಾಡುತ್ತಿದ್ದರು. ತುಂಬಾ ಮಾತಿಲ್ಲದ ಪಾತ್ರ, ಗುಲಾಮಗಿರಿಯಲ್ಲೇ ಹುಟ್ಟಿದವಳು. ಆ ರಾತ್ರಿ ಅವಳು ಕೈದಿಗೆ ನೀರು ಕೊಡೋಕೆ ಹೋಗುತ್ತಾಳೆ. ಆ ಚಾಟ್‌ನ ಲಾಗ್, ಅಂದರೆ ಉಳಿಸಿಟ್ಟ ಪ್ರತಿ, ಇನ್ನೂ ನನ್ನ ಹತ್ತಿರ ಇದೆ. "ಬೀಗದ ಮೇಲೆ ಕೈ ಇಟ್ಟು ತುಂಬಾ ಹೊತ್ತು ನಿಲ್ಲುತ್ತಾಳೆ" ಅಂತ ಒಂದು ಸಾಲು. ಆಮೇಲೆ ಅವಳ ಮಾತು: "ಈ ಸದ್ದು ನನಗೆ ಗೊತ್ತು. ಇದನ್ನ ಒಳಗಿದ್ದು ಕೇಳಿದ್ದೇನೆ." ಬಾಗಿಲು ತೆಗೆಯುತ್ತಾಳೆ. ಕೈದಿ ಹೊರಗೆ ಬರೋಕೆ ಹೆದರುತ್ತಾನೆ. ಅವಳೇ ಪಕ್ಕಕ್ಕೆ ಸರಿದು ಜಾಗ ಬಿಡುತ್ತಾಳೆ. ಅಲ್ಲಿದ್ದ ಇನ್ನೂ ನಾಲ್ಕು ಜನ ತಡೆಯಬೇಕೋ ಬೇಡವೋ ಅಂತ ಒದ್ದಾಡುತ್ತಾರೆ. ಯಾರೂ ತಡೆಯಲಿಲ್ಲ. ಬೆಳಗಿನ ಜಾವದವರೆಗೂ ನಡೆದಿತ್ತು.

ಬೆಳಿಗ್ಗೆ ಎದ್ದು ಓದಿದೆ. ಓದಿ, ಪಾತ್ರದಿಂದ ಹೊರಗೆ ಬಂದು, ಜೋಡಿ ಕಂಸದಲ್ಲಿ ಒಂದು ಸಾಲು ಹಾಕಿದೆ: ((ದಯವಿಟ್ಟು ನಿನ್ನೆ ರಾತ್ರಿಯದ್ದು ನಡೆದೇ ಇಲ್ಲ ಅಂದುಕೊಳ್ಳೋಣ, ಕೈದಿ ಇನ್ನೂ ಒಳಗೇ ಇದ್ದಾನೆ.))

ಅದೇ ನನ್ನ ತಪ್ಪು. ಎಲ್ಲಿ ತಪ್ಪಿತು ಅನ್ನೋದು ನನಗೂ ತಕ್ಷಣ ಹೊಳೆಯಲಿಲ್ಲ, ಅದಕ್ಕೇ ಬಿಡಿಸಿ ಹೇಳುತ್ತೇನೆ. ನಾನು ಒರಟಾಗಿ ಮಾತಾಡಿರಲಿಲ್ಲ, ದಯವಿಟ್ಟು ಅಂತಲೇ ಬರೆದಿದ್ದೆ. ಅವರೂ ಬೇಜಾರು ತೋರಿಸಿಕೊಳ್ಳದೆ ಸರಿ ಅಂದರು. ಕಥೆಯ ದೃಷ್ಟಿಯಿಂದ ನನ್ನ ಯೋಜನೆ ಕೆಟ್ಟದ್ದೂ ಆಗಿರಲಿಲ್ಲ. ಅಣ್ಣನ ದ್ರೋಹ ಚೆನ್ನಾಗೇ ಇತ್ತು. ಆದರೆ ಆ ಒಂದು ಸಾಲಿನಿಂದ ಹತ್ತು ಜನರಿಗೆ ಗೊತ್ತಾದ ವಿಷಯ ಒಂದೇ: ಇಲ್ಲಿ ನೀವು ಮಾಡಿದ್ದು ಲೆಕ್ಕಕ್ಕಿಲ್ಲ. ಕ್ಯಾಪ್ಟನ್ ಒಪ್ಪಿದರೆ ನಡೆದದ್ದು, ಒಪ್ಪದಿದ್ದರೆ ನಡೆದಿಲ್ಲ. ಆ ಪೈಲಟ್ ಕಳೆದುಕೊಂಡದ್ದು ಬರೀ ಒಂದು ರಾತ್ರಿಯ ಬರಹವನ್ನಲ್ಲ. ಅವಳ ಪಾತ್ರ ಹುಟ್ಟಿದ ಮೇಲೆ ಮೊದಲ ಸಲ ತಾನಾಗಿ ಒಂದು ನಿರ್ಧಾರ ಮಾಡಿತ್ತು. ನಾನು ಅದನ್ನೇ ಅಳಿಸಿದೆ. ಗುಲಾಮಗಿರಿಯಿಂದ ಬಿಡುಗಡೆಯಾದವರ ಕಥೆ ಅಂತ ಹೇಳಿಕೊಂಡು, ಆ ಹುಡುಗಿಗೆ ಬೀಗ ತೆಗೆಯುವ ಹಕ್ಕಿಲ್ಲ ಅಂದೆ.

ಆಮೇಲಿನ ವಾರ ನಾನು ಚಾನೆಲ್‌ನಲ್ಲಿ ಒಂದು ಸನ್ನಿವೇಶ ತೆರೆದೆ. ಗಸ್ತಿನ ಹಡಗುಗಳು ಬರುತ್ತಿವೆ, ಕೈದಿಯನ್ನು ಎಲ್ಲಿ ಅಡಗಿಸೋಣ ಅಂತ ಎಲ್ಲರನ್ನೂ ಕೇಳಿದೆ. ಎರಡು ನಿಮಿಷ ಯಾರೂ ಏನೂ ಟೈಪ್ ಮಾಡಲಿಲ್ಲ. ಕೊನೆಗೆ ಒಬ್ಬರು ಬರೆದರು: "ನೀವೇ ಹೇಳಿ ಕ್ಯಾಪ್ಟನ್." ಅವರ ಪಾತ್ರ ಅದಕ್ಕೂ ಮುಂಚೆ ಯಾವತ್ತೂ ನನ್ನ ಮಾತು ಕೇಳಿದ್ದೇ ಇಲ್ಲ! ಪ್ರತಿ ಸಲ ವಾದ ಮಾಡುತ್ತಿದ್ದ ಪಾತ್ರ ಅದು. ಪೈಲಟ್ ಇನ್ನೆರಡು ಸಲ ಬಂದರು, ಆಮೇಲೆ ಕಾಣಲಿಲ್ಲ. ಎರಡು ತಿಂಗಳಲ್ಲಿ ಹನ್ನೊಂದು ಜನ ಹೋಗಿ ನಾಲ್ಕು ಜನ ಆದೆವು. ಅಣ್ಣನ ದ್ರೋಹದ ದೃಶ್ಯ ನಡೆಯಲೇ ಇಲ್ಲ. ನಡೆಸೋಕೆ ಜನ ಇರಲಿಲ್ಲ.

ಇನ್ನು ನಿಮ್ಮ ಪ್ರಶ್ನೆಗೆ ಬರುತ್ತೇನೆ. ಕಥೆ ಆಳವಾಗಿದ್ದರೆ ರೋಲ್‌ಪ್ಲೇ ಚೆನ್ನಾಗಿರುತ್ತೆ ಅಂತ ನೀವು ಅಂದುಕೊಂಡಿದ್ದೀರಿ. ನಾನು ಒಪ್ಪುವುದಿಲ್ಲ. ಅವೆರಡೂ ಬೇರೆ ಬೇರೆ, ಎಷ್ಟೋ ಸಲ ಒಂದಕ್ಕೊಂದು ಅಡ್ಡ ಬರುತ್ತವೆ.

2011ರ ಡಿಸೆಂಬರ್‌ನಲ್ಲಿ ಬಂದ ಸ್ಟಾರ್ ವಾರ್ಸ್: ದಿ ಓಲ್ಡ್ ರಿಪಬ್ಲಿಕ್ ತಗೊಳ್ಳಿ. ಆಯ್ದುಕೊಳ್ಳೋಕೆ ಎಂಟು ಪಾತ್ರ ವರ್ಗಗಳು, ಪ್ರತಿಯೊಂದಕ್ಕೂ ಪೂರ್ತಿ ಕಥೆ, ಎಲ್ಲಾ ಸಂಭಾಷಣೆಗೂ ನಟರ ದನಿ. ಬರಹ ನಿಜವಾಗಲೂ ಚೆನ್ನಾಗಿದೆ, ನಾನು ಖುಷಿಯಿಂದ ಆಡಿದ್ದೇನೆ. ಸಿತ್ ಇನ್‌ಕ್ವಿಸಿಟರ್ ಅನ್ನೋ ವರ್ಗದಲ್ಲಿ ಶುರು ಮಾಡಿದರೆ ಗುಲಾಮನಾಗಿ ಬಂದು, ಸಾಮ್ರಾಜ್ಯ ಆಳುವ ಡಾರ್ಕ್ ಕೌನ್ಸಿಲ್‌ನ ಸದಸ್ಯನಾಗುತ್ತೀರಿ. ಆದರೆ ಆ ವರ್ಗ ಆಡಿ ಮುಗಿಸಿದ ಪ್ರತಿಯೊಬ್ಬರೂ ಅದೇ ಸ್ಥಾನದಲ್ಲಿ ಕೂತಿರುತ್ತಾರೆ, ಅಲ್ವಾ? ಇಬ್ಬರು ಎದುರಾದರೆ ಯಾರ ಕಥೆ ನಿಜ? ಅಲ್ಲಿ ಒಳ್ಳೆ ರೋಲ್‌ಪ್ಲೇ ಮಾಡುವವರು ಗೇಮ್ ಕೊಟ್ಟ ಕಥೆಯನ್ನು ಬದಿಗಿಟ್ಟು ಸಣ್ಣ ಅಧಿಕಾರಿಯೋ ವ್ಯಾಪಾರಿಯೋ ಆಗಿಬಿಡುತ್ತಾರೆ.

ಅದಕ್ಕೂ ಮುಂಚಿನ ಸ್ಟಾರ್ ವಾರ್ಸ್ ಗ್ಯಾಲಕ್ಸೀಸ್‌ನಲ್ಲಿ ಬರೆದಿಟ್ಟ ಕಥೆ ತುಂಬಾ ಕಡಿಮೆ. ಆದರೆ ಯುದ್ಧ ಮಾಡಿ ದಣಿದವರು ಕ್ಯಾಂಟಿನಾ ಅನ್ನೋ ಬಾರ್‌ಗೆ ಹೋಗಲೇಬೇಕಿತ್ತು. ಅಲ್ಲಿ ಕುಣಿಯುವವರು, ವಾದ್ಯ ನುಡಿಸುವವರು ನಿಜವಾದ ಆಟಗಾರರು. ಅವರನ್ನು ನೋಡುತ್ತಾ ಕೂತರೆ ಮಾತ್ರ ದಣಿವು ಇಳಿಯುತ್ತಿತ್ತು. ಇಷ್ಟೇ ನಿಯಮ. ಆದರೆ ಕೂತ ಮೇಲೆ ಮಾತಾಡದೆ ಇರೋಕೆ ಆಗುತ್ತಾ? 2011ರ ಡಿಸೆಂಬರ್ 15ಕ್ಕೆ ಅದನ್ನು ಮುಚ್ಚಿದರು. ಎಲೀಟ್ ಡೇಂಜರಸ್ ಅನ್ನೋ ಬಾಹ್ಯಾಕಾಶ ಗೇಮ್‌ನಲ್ಲಿ ಫ್ಯೂಯೆಲ್ ರ್ಯಾಟ್ಸ್ ಅಂತ ಆಟಗಾರರದೇ ಒಂದು ಗುಂಪಿದೆ. ಇಂಧನ ಮುಗಿದು ಯಾರಾದರೂ ಎಲ್ಲೋ ಸಿಕ್ಕಿಹಾಕಿಕೊಂಡರೆ ಹುಡುಕಿಕೊಂಡು ಹೋಗಿ ತುಂಬಿಸಿ ಬರುತ್ತಾರೆ. ಅಪರಿಚಿತನ ಹಡಗಿನ ಹತ್ತಿರ ಹೋಗಿ ನಿಂತು "ಬಂದ್ವಿ, ಗಾಬರಿ ಆಗಬೇಡಿ" ಅನ್ನೋದಕ್ಕಿಂತ ಒಳ್ಳೆ ದೃಶ್ಯ ನಾನು ಇವತ್ತಿಗೂ ಬರೆದಿಲ್ಲ.

ಈವ್‌ನಲ್ಲೂ ಜನ ಮರೆಯದ ಕಥೆಗಳನ್ನು ಯಾರೂ ಮೊದಲೇ ಬರೆದಿಟ್ಟಿರಲಿಲ್ಲ. 2014ರ ಜನವರಿಯಲ್ಲಿ ಬಿ-ಆರ್5ಆರ್‌ಬಿ ಅನ್ನೋ ನಕ್ಷತ್ರ ವ್ಯವಸ್ಥೆಯ ಮೇಲಿನ ಹಕ್ಕು ಉಳಿಸಿಕೊಳ್ಳೋಕೆ ಕಟ್ಟಬೇಕಾದ ಬಿಲ್ ಕಟ್ಟಿರಲಿಲ್ಲ, ಹಕ್ಕು ಬಿದ್ದುಹೋಯಿತು. ಅದರಿಂದ ಶುರುವಾದ ಯುದ್ಧ ಸುಮಾರು 21 ಗಂಟೆ ನಡೆಯಿತು. ಕಟ್ಟೋಕೆ ವಾರಗಟ್ಟಲೆ ಹಿಡಿಯುವ 75 ಟೈಟನ್‌ಗಳು, ಅಂದರೆ ಆ ಗೇಮ್‌ನ ಅತಿ ದೊಡ್ಡ ಹಡಗುಗಳು, ನಾಶವಾದವು. ಗೇಮ್ ಮಾಡಿದವರು ಬಂದು "ನಿನ್ನೆಯದ್ದು ನಡೆದಿಲ್ಲ ಅಂದುಕೊಳ್ಳಿ" ಅನ್ನಲಿಲ್ಲ. ಆ ಹಡಗುಗಳ ಅವಶೇಷವನ್ನು ಸ್ಮಾರಕವಾಗಿ ಅಲ್ಲೇ ಇಟ್ಟರು. ನಾನು ಒಮ್ಮೆ ಅಲ್ಲಿಗೆ ಹೋಗಿ ನೋಡಿದ್ದೇನೆ. ಮುರಿದ ಹಡಗುಗಳ ನಡುವೆ ನನ್ನ ಪುಟ್ಟ ಹಡಗು ನಿಲ್ಲಿಸಿಕೊಂಡು ಆ ಜೋಡಿ ಕಂಸದ ಸಾಲನ್ನೇ ನೆನೆಸಿಕೊಳ್ಳುತ್ತಿದ್ದೆ. ಪೈಲಟ್ ತೆರೆದ ಬಾಗಿಲನ್ನು ನಾನೂ ಹಾಗೇ ಬಿಡಬಹುದಿತ್ತು.

ಹಾಗಾಗಿ ಗೇಮ್ ಬದಲಿಸಬೇಡಿ. ಈಗಿರುವ ಕಡೆಯೇ ಇರಿ. ಗೇಮ್‌ನ ಲೋರ್, ಅಂದರೆ ಆ ಲೋಕದ ಇತಿಹಾಸ, ಓದಿ, ಆದರೆ ಬೇರೆಯವರನ್ನು ತಿದ್ದೋಕೆ ಅದನ್ನು ಬಳಸಬೇಡಿ. ಯಾರಾದರೂ ಗ್ರಹದ ಹೆಸರು ತಪ್ಪು ಹೇಳಿದರೆ ಹೇಳಲಿ. ಪಾತ್ರಕ್ಕೆ ಮೂರು ಸಾಲು ಸಾಕು: ಎಲ್ಲಿಂದ ಬಂದ, ಏನು ಕೆಲಸ ಬರುತ್ತೆ, ಬೇರೆಯವರಿಂದ ಏನು ಬೇಕು. ಮೂರನೆಯದು ಇಲ್ಲದೆ ಹೋದರೆ ನಿಮ್ಮನ್ನು ಯಾರೂ ಮಾತಾಡಿಸುವುದಿಲ್ಲ, ಮಾತಾಡಿಸೋಕೆ ಅವರಿಗೆ ಕಾರಣವೇ ಇರೋಲ್ಲ. ನನ್ನ ಈಗಿನ ಪಾತ್ರ ನಕ್ಷೆ ಓದೋಕೆ ಬಾರದ ಮೆಕ್ಯಾನಿಕ್. ಎಲ್ಲಿಗೆ ಹೋಗಬೇಕಾದರೂ ಯಾರನ್ನಾದರೂ ದಾರಿ ಕೇಳಬೇಕು. ಮೊದಲ ವಾರದಲ್ಲೇ ಐದು ಜನ ಪರಿಚಯವಾದರು. ಒಬ್ಬರು ಬೇಕಂತಲೇ ತಪ್ಪು ದಾರಿ ತೋರಿಸಿದರು, ಅವರ ಜೊತೆ ಇವತ್ತಿಗೂ ನನ್ನ ಮೆಕ್ಯಾನಿಕ್‌ಗೆ ಜಗಳ.

ಗುಂಪು ಕಟ್ಟುವ ಆಸೆ ಇದ್ದರೆ ಕಟ್ಟಿ. ಕಥೆಯ ಶುರು ಬರೆಯಿರಿ, ಕೊನೆ ಬರೆಯಬೇಡಿ. ನೀವಿಲ್ಲದ ರಾತ್ರಿ ಏನಾದರೂ ನಡೆದರೆ ಲಾಗ್ ಓದಿ, ಮಾರನೇ ದಿನ ನಿಮ್ಮ ಪಾತ್ರ ಅದನ್ನು ತಿಳಿದು ಕೋಪ ಮಾಡಿಕೊಳ್ಳಲಿ, ಅಳಲಿ, ಕೈದಿಯನ್ನು ಹುಡುಕಿಕೊಂಡು ಹೊರಡಲಿ. ನನ್ನ ಕ್ಯಾಪ್ಟನ್ ಆ ಪೈಲಟ್‌ನ ಎದುರು ನಿಂತು "ಯಾಕೆ ಬಿಟ್ಟೆ?" ಅಂತ ಕೇಳಿದ್ದರೆ ಸಾಕಿತ್ತು. ಮುಂದಿನ ನಾಲ್ಕು ತಿಂಗಳ ಕಥೆ ಅದರಲ್ಲೇ ಇತ್ತು.

ನಿಮ್ಮ ಆ ಒಂಬತ್ತನೇ ಪುಟ ತೆಗೆದುಬಿಡಿ. ನಿಮ್ಮ ಪೈಲಟ್ ತಂಗಿಯನ್ನು ಇನ್ನೂ ಕ್ಷಮಿಸಿಲ್ಲ. ಯಾವುದೋ ನಿಲ್ದಾಣದಲ್ಲಿ ಗುರುತಿಲ್ಲದವರೊಬ್ಬರು ಅವಳ ಬಗ್ಗೆ ಕೇಳುತ್ತಾರೆ. ಏನು ಹೇಳಬೇಕು ಅಂತ ಈಗಲೇ ಯೋಚಿಸಿಟ್ಟುಕೊಳ್ಳಬೇಡಿ.